ನಕ್ಷೆಯ ಗೆರೆಯ ದಪ್ಪ

ಭಟ್ಕಳದ ಕೇತಪೈ ನಾರಾಯಣ ದೇವಾಲಯದಲ್ಲಿ ಬಡಗಿಯ ಕೆಲಸವನ್ನು ಶಿಲ್ಪಿಗಳು ಕಲ್ಲಿನಲ್ಲಿ ಮಾಡಿ ತೋರಿಸಿದ್ದಾರೆ. ಹದಿನಾರನೆಯ ಶತಮಾನದ ಈ ಗುಡಿಯ ಮಾಡು ಕರಾವಳಿಯ ಮಳೆಗೆ ತಕ್ಕಂತೆ ಇಳಿಜಾರಾದ ಕಲ್ಲುಚಪ್ಪಡಿಗಳದು. ಪಕ್ಕದ ಜಾಲಂಧ್ರವು ಮರದ ಪಟ್ಟಿಗಳಂತೆ ಸಾಲಾಗಿ ಜೋಡಿಸಿದ ಕಲ್ಲುಪಟ್ಟಿಗಳದು. ಇದನ್ನು ಅಳೆದು ಗಣಕಯಂತ್ರದಲ್ಲಿ ನಕ್ಷೆ ಬರೆಯಹೊರಟ ವಿದ್ಯಾರ್ಥಿಗೆ ಒಂದು ತೊಡಕು ಎದುರಾಗಬಹುದು. ತೆರೆಯ ಮೇಲೆ ಸ್ಪಷ್ಟವಾಗಿದ್ದ ಪಟ್ಟಿಗಳು ಕಾಗದಕ್ಕೆ ಬಂದಾಗ ಬರಿಯ ಕಪ್ಪು ಕಂಬಿಗಳಾಗಿಬಿಡುತ್ತವೆ. ಹೀಗೇಕೆ?

ಲೆಕ್ಕಕ್ಕಾಗಿ ಪಟ್ಟಿಯೊಂದರ ದಪ್ಪ 5 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. 1:100 ಪ್ರಮಾಣದ ನಕ್ಷೆಯಲ್ಲಿ ಅದು ಅರ್ಧ ಮಿಲಿಮೀಟರ್ ಮಾತ್ರ. ಅದರ ಎರಡು ಅಂಚುಗಳನ್ನು 0.25 ಮಿಲಿಮೀಟರ್ ದಪ್ಪದ ಗೆರೆಗಳಿಂದ ಬರೆದರೆ ನಡುವೆ 0.25 ಮಿಲಿಮೀಟರ್ ಬಿಳುಪು ಉಳಿಯುತ್ತದೆ. 0.5ರ ಗೆರೆಗಳಿಂದ ಬರೆದರೆ ಉಳಿಯುವುದು ಸೊನ್ನೆ. ಆದರೆ ಕುಮಟಾ ಬಳಿಯ ಮಿರ್ಜಾನ್ ಕೋಟೆಯ ಜಂಬಿಟ್ಟಿಗೆಯ ಗೋಡೆಯನ್ನು ಛೇದಿಸಿ ತೋರಿಸುವಾಗ ಅದೇ 0.5ರ ಗೆರೆಯೇ ಬೇಕು. ತೆಳುಗೆರೆಯಲ್ಲಿ ಬರೆದ ಕೋಟೆಗೋಡೆ ಕಾಗದದ ಪೆಟ್ಟಿಗೆಯಂತೆ ಕಾಣುತ್ತದೆ. ಛೇದಗೊಂಡ ಭಾಗಕ್ಕೆ ದಪ್ಪಗೆರೆ, ಅದರಾಚೆ ಕಾಣುವುದಕ್ಕೆ ಮಧ್ಯಮ, ಅಳತೆಗೂ ಹಂಚಿನ ಸಾಲಿಗೂ ತೆಳುಗೆರೆ ಎಂಬುದು ನಕ್ಷೆಯ ವ್ಯಾಕರಣ.

ಕೈಯಿಂದ ಬರೆಯುತ್ತಿದ್ದ ಕಾಲದಲ್ಲಿ ಲೇಖನಿಯ ಮೊನೆಯೇ ದಪ್ಪವನ್ನು ನಿಶ್ಚಯಿಸುತ್ತಿತ್ತು. ಮೊನೆಗಳ ಸಾಲು 0.13, 0.18, 0.25, 0.35, 0.5, 0.7 ಎಂದು ಸಾಗುತ್ತದೆ. ಒಂದೊಂದೂ ಹಿಂದಿನದರ ಸುಮಾರು 1.4 ಪಟ್ಟು, ಅಂದರೆ ಎರಡರ ವರ್ಗಮೂಲದಷ್ಟು. ಎ3 ಹಾಳೆಯಿಂದ ಎ2 ಹಾಳೆಗೆ ಹೋಗುವಾಗ ಉದ್ದಗಲಗಳು ಬೆಳೆಯುವುದೂ ಇದೇ ಪಟ್ಟಿನಲ್ಲಿ. ಎ2 ನಕ್ಷೆಯನ್ನು ಎ3ಕ್ಕೆ ಕುಗ್ಗಿಸಿದಾಗ 0.5ರ ಗೆರೆ 0.35 ಆಗುತ್ತದೆ, ತಿದ್ದುಪಡಿಗೆ ಸಾಲಿನ ಮುಂಚಿನ ಲೇಖನಿಯನ್ನು ಎತ್ತಿಕೊಂಡರಾಯಿತು. ಇಷ್ಟು ಜಾಣತನದ ಏರ್ಪಾಡು ಅಪರೂಪ!

1982ರಲ್ಲಿ ಬಂದ ಆಟೋಕ್ಯಾಡ್ ತಂತ್ರಾಂಶದಲ್ಲಿ ಬಹುಕಾಲ ಗೆರೆಯ ಬಣ್ಣವೇ ಲೇಖನಿಯ ಗುರುತಾಗಿತ್ತು. ಈಗ ಅದರಲ್ಲಿ ದಪ್ಪ ಎರಡು ಬಗೆ. ಪಾಲಿಲೈನಿನ ಅಗಲವು ಕಟ್ಟಡದ ಅಳತೆಗೆ ಸೇರಿದ್ದು. ಲೈನ್‌ವೇಟ್ ಕಾಗದಕ್ಕೆ ಸೇರಿದ್ದು. ಇವೆರಡನ್ನೂ ಬೆರೆಸುವುದರಿಂದಲೇ ಅನೇಕ ತೊಂದರೆಗಳು ಹುಟ್ಟುತ್ತವೆ. 1:100ರಲ್ಲಿ 0.35 ಮಿಲಿಮೀಟರ್ ಕಾಣಲೆಂದು ಗೆರೆಗೆ 35 ಮಿಲಿಮೀಟರ್ ಅಗಲ ಕೊಟ್ಟರೆ, ಅದೇ ಹಾಳೆಯ 1:20 ವಿವರಚಿತ್ರದಲ್ಲಿ ಅದು 1.75 ಮಿಲಿಮೀಟರ್ ಆಗಿ ಉಬ್ಬುತ್ತದೆ. ಆದುದರಿಂದ ಅಗಲವನ್ನು ಸೊನ್ನೆಯಾಗಿಟ್ಟು, ಲೈನ್‌ವೇಟನ್ನು ಒಂದೊಂದು ಗೆರೆಗಲ್ಲದೆ ಇಡೀ ಲೇಯರಿಗೆ ಕೊಡಬೇಕು. ಗೆರೆಗಳೆಲ್ಲ ಬೈಲೇಯರ್ ಆಗಿರಬೇಕು. ಮುದ್ರಣದ ಸಿಟಿಬಿ ಕಡತವು ಈ ದಪ್ಪಗಳನ್ನು ಬದಲಿಸಬಲ್ಲದು. ಹೊನ್ನಾವರದಲ್ಲಿ ಬರೆದದ್ದನ್ನು ಬೇರೆ ಊರಿನಲ್ಲಿ ಮುದ್ರಿಸುವಾಗ ನಕ್ಷೆಯೊಡನೆ ಅದನ್ನೂ ಕಳುಹಿಸತಕ್ಕದ್ದು.

ಇನ್ನೊಂದು ಗುಟ್ಟು ಕುಗ್ಗಿಸುವಿಕೆಯಲ್ಲಿದೆ. ಎ1 ಹಾಳೆಯ ನಕ್ಷೆಯನ್ನು ಎ3ಕ್ಕೆ ಹೊಂದಿಸಿದರೆ ಚಿತ್ರ ಅರ್ಧವಾಗುತ್ತದೆ; ಆದರೆ ಲೈನ್‌ವೇಟನ್ನೂ ಕುಗ್ಗಿಸು ಎಂಬ ಆಯ್ಕೆಗೆ ಗುರುತು ಹಾಕದಿದ್ದರೆ ಗೆರೆಗಳು ಹಳೆಯ ದಪ್ಪದಲ್ಲೇ ಉಳಿಯುತ್ತವೆ. ಆಗ ನಮ್ಮ ಕಲ್ಲುಪಟ್ಟಿ ಕಾಲು ಮಿಲಿಮೀಟರಿಗೆ ಇಳಿದು, 0.25ರ ಗೆರೆಗಳೇ ಅದರ ನಡುವಿನ ಬಿಳುಪನ್ನು ನುಂಗಿಬಿಡುತ್ತವೆ. ಗುರುತು ಹಾಕಿದರೆ ಗೆರೆಯೂ ಅರ್ಧವಾಗಿ ಪಟ್ಟಿ ಉಳಿಯುತ್ತದೆ.

ಎಲ್ಲವೂ ಸರಿಯಿದ್ದರೂ ಸಮಾನವಾದ ಗೆರೆಗಳು ಅಸಮಾನವಾಗಿ ಬೀಳುವುದುಂಟು. ಮುದ್ರಣಯಂತ್ರ ಗೆರೆಯನ್ನು ಚುಕ್ಕೆಗಳಿಂದ ಕಟ್ಟುತ್ತದೆ. ಅಂಗುಲಕ್ಕೆ 300 ಚುಕ್ಕೆಗಳಿದ್ದರೆ ಒಂದರ ಅಗಲ ಸುಮಾರು 0.085 ಮಿಲಿಮೀಟರ್, 0.13ರ ಗೆರೆಗೆ ಒಂದೂವರೆ ಚುಕ್ಕೆ ಬೇಕು. ಅರ್ಧ ಚುಕ್ಕೆ ಇಲ್ಲದ್ದರಿಂದ ಗೆರೆ ಒಂದೆಡೆ ಒಂದು ಚುಕ್ಕೆ, ಇನ್ನೊಂದೆಡೆ ಎರಡು ಚುಕ್ಕೆಯಾಗಬಹುದು. ಅಂಥ ಯಂತ್ರಕ್ಕೆ 0.18ರ ಗೆರೆ ಮೇಲು, ಅದು ಸರಿಸುಮಾರು ಎರಡು ಚುಕ್ಕೆ. ಪೂರ್ಣ ಹಾಳೆಗೆ ಮುನ್ನ ಜಾಲಂಧ್ರದ ನಾಲ್ಕೇ ಪಟ್ಟಿಗಳನ್ನು ಅಂಗೈಯಗಲದ ಕಾಗದದಲ್ಲಿ ಮುದ್ರಿಸಿ, ಭೂತಗನ್ನಡಿಯಲ್ಲಿ ನೋಡಬೇಕು.