ಮಡಚುವ ದೋಣಿಗೆ ಒಂದು ರಾತ್ರಿಯ ಸಾಮಾನು
ಹೊನ್ನೆಮರಡು ಹಿನ್ನೀರಿನಲ್ಲಿ ರಾತ್ರಿ ತಂಗಲು ಹೊರಟಿದ್ದೀರಿ, ಚೀಲ ಮಾತ್ರ ಮಡಚುವ ಕಯಾಕ್‌ನೊಳಗೆ ಹಿಡಿಸುತ್ತಿಲ್ಲ. ಹಿಡಿಸುವುದೂ ಇಲ್ಲ, ಚೌಕಟ್ಟಿನ ಅಡ್ಡಪಟ್ಟಿಗಳ ನಡುವೆ ದೊಡ್ಡ ಚೀಲ ನುಗ್ಗದು. ನೀರು ಹೋಗದ, ಉದ್ದನೆಯ ಸಣ್ಣ ಚೀಲಗಳನ್ನು ಕೊಳ್ಳಿ. ನೀರಿನ ಕ್ಯಾನು, ಅಕ್ಕಿ, ಪಾತ್ರೆ ಸೀಟಿನ ಹತ್ತಿರ, ತಳಕ್ಕೆ. ಹೊದಿಕೆ, ಬಟ್ಟೆ ತುದಿಗಳಿಗೆ. ಟೆಂಟಿನ ಗೂಟಗಳ ಮೊನೆ ದೋಣಿಯ ಬಟ್ಟೆಗೆ ಚುಚ್ಚದಂತೆ ಗೋಣಿ ಸುತ್ತಿ.

ಹೊರಗಿನ ಮೊನೆಗಳ ಭಯ ಇನ್ನೂ ಹೆಚ್ಚು. ಈ ಹಿನ್ನೀರಿಗೆ ಕಾರಣವಾದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಮುಳುಗಿದ ಕಾಡಿನ ಬೊಡ್ಡೆಗಳು, ಬೇಸಿಗೆಯಲ್ಲಿ ನೀರಿಳಿದಾಗ ದೋಣಿಯ ತಳಕ್ಕೇ ತಾಗುತ್ತವೆ. ಭಾರ ಹೆಚ್ಚಿದಷ್ಟೂ ದೋಣಿ ಕೆಳಗೆ ಕೂರುತ್ತದೆ, ಬಟ್ಟೆಯ ತಳ ಹರಿಯುತ್ತದೆ. ಹಾಗಾಗಿ ಮಡಚುವ ಕುರ್ಚಿ ಮನೆಯಲ್ಲೇ ಇರಲಿ, ದಯವಿಟ್ಟು! ತೇಪೆಯ ಸಾಮಾನು ಕೈಗೆ ಸಿಗುವಲ್ಲಿ, ಲೈಫ್ ಜಾಕೆಟ್ ಮೈಮೇಲೆ. ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಕೇಳಿ. ಪಕ್ಕದಲ್ಲೇ ಶರಾವತಿ ಅಭಯಾರಣ್ಯವಿದೆ.