ಹಿಮ್ಮಡಿ ಮಾತ್ರ ಏಕೆ ಒಡೆಯುತ್ತದೆ?

ಪ್ರಶ್ನೆ: ನನಗೆ 46 ವರ್ಷ. ದಿನವಿಡೀ ನಿಂತು ಮಾಡುವ ಕೆಲಸ. ಹಿಮ್ಮಡಿ ಒಡೆದು ಕೆಲವೊಮ್ಮೆ ರಕ್ತ ಬರುತ್ತದೆ. ಮೈಯ ಉಳಿದ ಚರ್ಮ ಚೆನ್ನಾಗಿಯೇ ಇದೆ. ಏನು ಮಾಡಲಿ?

ಉತ್ತರ: ಅಂಗಾಲಿನ ಚರ್ಮದ ರಚನೆಯೇ ಬೇರೆ. ಮೈಯ ಹೆಚ್ಚಿನ ಕಡೆ ಕೂದಲ ಬುಡದ ಎಣ್ಣೆ ಗ್ರಂಥಿಗಳು ಚರ್ಮಕ್ಕೆ ಜಿಡ್ಡು ಒದಗಿಸುತ್ತವೆ. ಅಂಗಾಲಿನಲ್ಲಿ ಕೂದಲೂ ಇಲ್ಲ, ಆ ಗ್ರಂಥಿಗಳೂ ಇಲ್ಲ. ಬೆವರಿನ ಗ್ರಂಥಿಗಳು ಮಾತ್ರ ಹೇರಳ. ಜೊತೆಗೆ ಹೊರಚರ್ಮದ ಮೇಲಿನ ಸತ್ತ ಜೀವಕೋಶಗಳ ಪದರ ಇಲ್ಲಿ ಬಹಳ ದಪ್ಪ. ನಿಂತಾಗ ಹಿಮ್ಮಡಿಯೊಳಗಿನ ಕೊಬ್ಬಿನ ಮೆತ್ತೆ ಭಾರಕ್ಕೆ ಪಕ್ಕಕ್ಕೆ ಹಿಗ್ಗುತ್ತದೆ. ಒಣಗಿ ಬಿರುಸಾದ ಅಂಚಿನ ಚರ್ಮ ಅದರೊಂದಿಗೆ ಹಿಗ್ಗಲಾರದೆ ಸೀಳುತ್ತದೆ.

ಹೊರಚರ್ಮದಲ್ಲಿ ರಕ್ತನಾಳಗಳಿಲ್ಲ. ರಕ್ತ ಬಂದಿದೆ ಎಂದರೆ ಸೀಳು ಒಳಚರ್ಮ ಮುಟ್ಟಿದೆ, ಸೋಂಕಿಗೂ ದಾರಿಯಾಗಿದೆ. ದಯವಿಟ್ಟು ಕಡೆಗಣಿಸಬೇಡಿ.

ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ 10 ನಿಮಿಷ ಪಾದ ಇಟ್ಟು, ಮೆತ್ತಗೆ ಒರೆಸಿ, ತೇವ ಪೂರ್ತಿ ಆರುವ ಮೊದಲೇ ಪೆಟ್ರೋಲಿಯಂ ಜೆಲ್ಲಿ ಹಚ್ಚಿ, ಹತ್ತಿಯ ಕಾಲುಚೀಲ ಹಾಕಿ ಮಲಗಿ. ಸೀಳು ಕೂಡಿಕೊಂಡ ಮೇಲೆ ಯೂರಿಯಾ ಇರುವ ಕ್ರೀಂ ಬಳಸಿ. ಅದು ದಪ್ಪ ಪದರವನ್ನು ಮೆದುಗೊಳಿಸುತ್ತದೆ. ಬ್ಲೇಡಿನಿಂದ ಕೆರೆಯಲೇಬೇಡಿ. ಕೆಲಸದ ಹೊತ್ತಿನಲ್ಲಿ ಹಿಮ್ಮಡಿ ಮುಚ್ಚುವ, ಮೆತ್ತನೆ ತಳದ ಪಾದರಕ್ಷೆ ಧರಿಸಿ. ಹೊಸ ಜೀವಕೋಶಗಳು ತಳದಿಂದ ಮೇಲೇರಲು ಕೆಲವು ವಾರಗಳೇ ಬೇಕು, ಹಾಗಾಗಿ ನಡುವೆ ಬಿಡಬೇಡಿ.

ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆಗಳಿಂದಲೂ ಚರ್ಮ ಒಣಗಬಹುದು, ಹಾಗಾಗಿ ಒಮ್ಮೆ ಸಕ್ಕರೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆ ಇದ್ದರೆ, ಅಥವಾ ಕೀವು, ಊತ, ಕೆಂಪು ಕಂಡರೆ ಮನೆಮದ್ದು ನಿಲ್ಲಿಸಿ ತಡಮಾಡದೆ ಚರ್ಮರೋಗ ತಜ್ಞರನ್ನು ಕಾಣಿ.