ಮೊದಲು ಆ ಕೋಣೆಯ ಬೀಗ ತೆಗೆಸು

ತಂಗೀ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಆಗಿ ಒಂದು ತಾಲ್ಲೂಕಿನ ಹೊಣೆ ಹೊತ್ತಿದ್ದೀಯ, ಸಂತೋಷ. ಇನ್ನು ಸ್ಮಾರ್ಟ್ ಕ್ಲಾಸ್, ಟ್ಯಾಬ್, ಡಿಜಿಟಲ್ ಬೋರ್ಡ್ ಅಂತ ಕಡತಗಳು ನಿನ್ನ ಮೇಜಿಗೆ ಬರುತ್ತವೆ. ದಾನಿಗಳು ಬರುತ್ತಾರೆ, ಉದ್ಘಾಟನೆಗೆ ಶಾಮಿಯಾನ ಏಳುತ್ತದೆ. ಬರಲಿ, ಬೇಡ ಅನ್ನಬೇಡ. ಆದರೆ ಹೊಸದಕ್ಕೆ ಸಹಿ ಹಾಕುವ ಮುಂಚೆ ಒಂದಿಷ್ಟು ಶಾಲೆಗಳಿಗೆ ಹೇಳದೆ ಹೋಗು. ಕಂಪ್ಯೂಟರ್ ಕೋಣೆ ತೋರಿಸಿ ಅನ್ನು. ಬೀಗದ ಕೈ ಯಾರ ಹತ್ತಿರ ಇದೆ, ಅದು ಬರಲು ಎಷ್ಟು ಹೊತ್ತಾಯಿತು, ಇಷ್ಟು ನೋಡಿದರೆ ಸಾಕು. ಉಳಿದದ್ದನ್ನು ಯಾರೂ ವಿವರಿಸಬೇಕಿಲ್ಲ.

ಬೀಗ ಹಾಕಿಟ್ಟ ಹೆಡ್‌ಮಾಸ್ಟರನ್ನು ಮಾತ್ರ ಗದರಬೇಡ. ಅವರು ಸೋಮಾರಿಯಲ್ಲ, ಅಂಜಿದ್ದಾರೆ. ಕಂಪ್ಯೂಟರ್ ಬಂದ ದಿನವೇ ಅದು ಅವರ ಹೆಸರಿನಲ್ಲಿ ದಾಸ್ತಾನು ವಹಿಗೆ ಏರುತ್ತದೆ. ಕಳುವಾದರೆ ಅವರೇ ಠಾಣೆಗೆ ಅಲೆಯಬೇಕು, ಕೆಟ್ಟರೆ ಆಡಿಟ್‌ನವರಿಗೆ ಅವರೇ ಉತ್ತರ ಕೊಡಬೇಕು. ನಿವೃತ್ತಿಯ ಹೊತ್ತಿಗೆ ಬೇಬಾಕಿ ಪತ್ರ ಸಿಗದಿದ್ದರೆ ಪಿಂಚಣಿ ತಡವಾದೀತು ಎಂಬ ಚಿಂತೆ ಬೇರೆ. ಬಳಸಿದರೆ ಹೊಗಳುವವರಿಲ್ಲ, ಕೆಟ್ಟರೆ ಕೇಳುವವರು ಹತ್ತು ಜನ. ಹಾಗಾಗಿ ಯಂತ್ರ ಹಬ್ಬಕ್ಕೆ ಮಾತ್ರ ಹೊರಬರುವ ಬೆಳ್ಳಿ ತಟ್ಟೆಯಾಗುತ್ತದೆ. ಹಬ್ಬವೆಂದರೆ ನಿನ್ನಂಥವರ ತಪಾಸಣೆ.

ಈ ಅಂಜಿಕೆ ನಮ್ಮಲ್ಲಿ ಮಾತ್ರ ಇದೆ ಎಂದುಕೊಳ್ಳಬೇಡ. ಅಮೆರಿಕದಲ್ಲಿ ನ್ಯೂಯಾರ್ಕ್ ಬಿಟ್ಟರೆ ಅತಿ ದೊಡ್ಡದಾದ ಲಾಸ್ ಏಂಜಲೀಸ್ ಶಾಲಾ ಜಿಲ್ಲೆ 2013ರಲ್ಲಿ ಎಲ್ಲ ಮಕ್ಕಳಿಗೂ ಐಪ್ಯಾಡ್ ಕೊಡಲು ಹೊರಟಿತು. ಶಾಲೆಗಳ ವೈಫೈ ಸುಧಾರಣೆಯೂ ಸೇರಿ ನೂರು ಕೋಟಿ ಡಾಲರ್‌ ಮೀರಿದ ಯೋಜನೆ. ಹಂಚಿದ ಕೆಲವೇ ವಾರಗಳಲ್ಲಿ ಹೈಸ್ಕೂಲು ಮಕ್ಕಳು ಅದರೊಳಗಿನ ತಡೆಯನ್ನು ಅಳಿಸಿ ತಮಗೆ ಬೇಕಾದ್ದನ್ನು ನೋಡತೊಡಗಿದರು. ಅಧಿಕಾರಿಗಳು ಗಾಬರಿಯಾಗಿ ಕೆಲವು ಶಾಲೆಗಳಲ್ಲಿ ಐಪ್ಯಾಡ್ ವಾಪಸು ಪಡೆದರು. ಅದರಲ್ಲಿ ತುಂಬಬೇಕಿದ್ದ ಪಾಠಗಳೂ ಪೂರ್ತಿ ಸಿದ್ಧವಾಗಿರಲಿಲ್ಲ. 2014ರ ಅಕ್ಟೋಬರಿನಲ್ಲಿ ಜಿಲ್ಲೆಯ ಮುಖ್ಯಸ್ಥ ಜಾನ್ ಡೀಸಿ ರಾಜೀನಾಮೆ ಕೊಟ್ಟರು. ಡಿಸೆಂಬರಿನಲ್ಲಿ ಎಫ್‌ಬಿಐನವರು ಬಂದು ಖರೀದಿಯ ಕಡತಗಳನ್ನು ಹೊತ್ತೊಯ್ದರು. ಅಷ್ಟು ದುಡ್ಡಿದ್ದ ಊರಲ್ಲೂ ಮೇಷ್ಟ್ರಿಗಿಂತ ಮುಂಚೆ ಯಂತ್ರ ಬಂದಿದ್ದರಿಂದ ಆದದ್ದು ಇದು.

ನಮ್ಮ ರಾಜ್ಯದ ‘ಮಾಹಿತಿ ಸಿಂಧು’ ಶುರುವಾಗಿದ್ದು 2001ರಲ್ಲಿ. ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂತು, ಕಲಿಸುವ ಗುತ್ತಿಗೆಯನ್ನು ಖಾಸಗಿ ಕಂಪನಿಗಳಿಗೆ ಕೊಟ್ಟರು. ಕಂಪ್ಯೂಟರ್ ಎಂದರೆ ಆ ಕಂಪನಿಯ ಹುಡುಗನ ಕೆಲಸ ಎಂದು ನಮ್ಮ ಗಣಿತದ, ವಿಜ್ಞಾನದ ಮೇಷ್ಟ್ರುಗಳು ದೂರವೇ ಉಳಿದರು. ಗುತ್ತಿಗೆ ಮುಗಿದು ಹುಡುಗ ಹೋದಾಗ ವಿದ್ಯೆಯೂ ಅವನ ಜೊತೆಗೇ ಹೋಯಿತು. ಅದೇ ಹೊತ್ತಿಗೆ ಕೇರಳದಲ್ಲಿ ‘ಐಟಿ@ಸ್ಕೂಲ್’ ಶುರುವಾಗಿತ್ತು. ಅವರು ತಮ್ಮ ಶಿಕ್ಷಕರನ್ನೇ ತರಬೇತುದಾರರನ್ನಾಗಿ ಮಾಡಿಕೊಂಡರು, ಪರವಾನಗಿ ಶುಲ್ಕವಿಲ್ಲದ ಮುಕ್ತ ತಂತ್ರಾಂಶ ಹಿಡಿದರು. ಆ ಯೋಜನೆಯೇ 2017ರಲ್ಲಿ ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಯಿತು. ಆಮೇಲೆ ‘ಲಿಟಲ್ ಕೈಟ್ಸ್’ ಎಂದು ಹೈಸ್ಕೂಲು ಮಕ್ಕಳ ಕೂಟ ಕಟ್ಟಿದರು. ಶಾಲೆಯ ಉಪಕರಣಗಳನ್ನು ನೋಡಿಕೊಳ್ಳುವುದರಲ್ಲೂ ಆ ಮಕ್ಕಳ ಕೈ ಇದೆ. ಲಾಸ್ ಏಂಜಲೀಸಿನಲ್ಲಿ ಯಾವ ಮಕ್ಕಳ ಜಾಣತನಕ್ಕೆ ಹೆದರಿದರೋ, ಅಂಥ ಮಕ್ಕಳನ್ನೇ ಕೇರಳದಲ್ಲಿ ಕೆಲಸಕ್ಕೆ ಸೇರಿಸಿಕೊಂಡರು. ಇದನ್ನು ಮರೆಯಬೇಡ.

ಈಗ ನಿನ್ನ ಕೈಯಲ್ಲಾಗುವ ಮಾತು. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳನ್ನು (ಸಿಆರ್‌ಪಿ) ಕೂರಿಸಿಕೊಂಡು ಇರುವ ಯಂತ್ರಗಳ ಪಟ್ಟಿ ಮಾಡಿಸು: ಓಡುತ್ತಿರುವುದು, ರಿಪೇರಿಯಾಗುವುದು, ಸತ್ತದ್ದು. ಸತ್ತದ್ದನ್ನು ಕಾನೂನಿನಂತೆ ಇ-ತ್ಯಾಜ್ಯದವರಿಗೆ ಕೊಟ್ಟು ದಾಸ್ತಾನು ವಹಿಯಿಂದ ತೆಗೆಸು. ಅರ್ಧ ಅಂಜಿಕೆ ಅಲ್ಲಿಗೇ ಇಳಿಯುತ್ತದೆ. ರಿಪೇರಿಯ ಪಟ್ಟಿ ನೋಡಿದರೆ ನಿನಗೇ ನಗು ಬಂದೀತು. ಹೆಚ್ಚಿನವು ನಿಂತಿರುವುದು ಯುಪಿಎಸ್ ಬ್ಯಾಟರಿಗೆ, ಮೌಸಿಗೆ, ಸರಿಯಾದ ಅರ್ಥಿಂಗಿಗೆ. ಬ್ಯಾಟರಿ ಮೂರು ನಾಲ್ಕು ವರ್ಷಕ್ಕೆ ಬದಲಾಗಲೇಬೇಕು. ಆದ್ದರಿಂದ ಕಂಪ್ಯೂಟರ್ ಕೊಡಲು ಬಂದ ದಾನಿಗೆ ಕೈ ಮುಗಿದು, ‘ಮುಂದಿನ ಬ್ಯಾಟರಿಗೂ ಸೇರಿಸಿ ಕೊಡಿ’ ಎಂದು ಕೇಳು. ನಾಚಿಕೆ ಬೇಡ.

ಪಾಠ ಮಾಡುತ್ತಿರುವಾಗ ಯಂತ್ರ ಕೆಟ್ಟರೆ ಶಿಕ್ಷಕರ ಮೇಲೆ ನೋಟಿಸು ಹೋಗುವುದಿಲ್ಲ ಎಂದು ಮುಖ್ಯ ಶಿಕ್ಷಕರ ಸಭೆಯಲ್ಲಿ ಬಾಯಿಬಿಟ್ಟು ಹೇಳು. ಹೇಳಿದರೆ ಸಾಲದು, ಸಭೆಯ ನಡಾವಳಿಯಲ್ಲಿ ಬರೆಸು. ‘ಬಳಕೆಯಲ್ಲಿ ಕೆಟ್ಟಿದೆ’ ಎಂಬ ಷರಾ ಬಂದಲ್ಲಿ ತಡಮಾಡದೆ ಸಹಿ ಹಾಕು. ಹತ್ತು ತರಬೇತಿ ಮಾಡಲಾಗದ ಕೆಲಸ ಆ ಒಂದು ಸಹಿ ಮಾಡುತ್ತದೆ.

ತರಬೇತಿಯನ್ನೂ ಸಭಾಂಗಣದ ಭಾಷಣ ಮಾಡಬೇಡ. ಕನ್ನಡದಲ್ಲಿ ಯುನಿಕೋಡ್ ಟೈಪಿಂಗ್, ‘ದೀಕ್ಷಾ’ ಆ್ಯಪ್‌ನ ಪಾಠ ಮುಂಚೆಯೇ ಡೌನ್‌ಲೋಡ್ ಮಾಡಿ ನೆಟ್ ಇಲ್ಲದಾಗ ತೋರಿಸುವುದು, ಇಂಥ ಎರಡು ಮೂರು ಕೆಲಸ ಕೈಗೆ ಹತ್ತುವ ತನಕ ಕೂತು ಮಾಡಿಸು. ಪಕ್ಕದ ಶಾಲೆಯ ಮೇಷ್ಟ್ರೇ ಹೇಳಿಕೊಡಲಿ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳಲು ಅವರ ಮುಂದೆ ಸಂಕೋಚವಿರುವುದಿಲ್ಲ. ಮಕ್ಕಳ ವಿವರ ತುಂಬುವ ಎಸ್‌ಎಟಿಎಸ್ ಜಾಲತಾಣದಲ್ಲಿ ಒಮ್ಮೆ ತುಂಬಿದ ಮಾಹಿತಿಯನ್ನು ಮತ್ತೆ ಎಕ್ಸೆಲ್‌ನಲ್ಲಿ, ಮತ್ತೆ ವಾಟ್ಸ್ಆ್ಯಪ್‌ನಲ್ಲಿ, ಮತ್ತೆ ಕಾಗದದಲ್ಲಿ ಕೇಳಬೇಡ. ಪಾಠದ ವೇಳೆ ಅಂಕಿಅಂಶ ತುಂಬುವ ಶಿಕ್ಷಕಿಗೆ ಕಂಪ್ಯೂಟರ್ ಎಂದರೆ ಕಚೇರಿಯ ಕಾಟ, ಅಷ್ಟೇ.

ಒಂದು ಬೀಗ ಮಾತ್ರ ಗಟ್ಟಿಯಾಗಿರಲಿ. ಮಕ್ಕಳ ಆಧಾರ್, ಜಾತಿ, ಫೋಟೊ, ತಂದೆತಾಯಿಯ ಫೋನ್ ನಂಬರು ವಾಟ್ಸ್ಆ್ಯಪ್ ಗುಂಪಿನಿಂದ ಗುಂಪಿಗೆ ಹರಿದಾಡುತ್ತಿವೆ. ಅದನ್ನು ನಿಲ್ಲಿಸು. 18 ತುಂಬದವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುವ ಕಾನೂನನ್ನು ಸಂಸತ್ತು 2023ರಲ್ಲೇ ಮಾಡಿದೆ. ಯಂತ್ರಕ್ಕೆ ಕಾವಲಿಟ್ಟು ಮಗುವಿನ ವಿವರವನ್ನು ಬೀದಿಗೆ ಬಿಡುವ ನಮ್ಮ ರೂಢಿ ತಲೆಕೆಳಗಾಗಬೇಕು.

ತಪಾಸಣೆಗೆ ಹೋದಾಗ ಎಷ್ಟು ಕಂಪ್ಯೂಟರ್ ಇವೆ ಎಂದು ಇನ್ನು ಕೇಳಬೇಡ. ಏಳನೇ ತರಗತಿಯ ಒಂದು ಹುಡುಗಿಯನ್ನು ಕರೆದು, ಈ ವಾರ ಅದರಲ್ಲಿ ಏನು ಮಾಡಿದೆ ಎಂದು ಕೇಳು. ಅವಳು ಹೇಳಿದ್ದನ್ನೇ ವರದಿಯಲ್ಲಿ ಬರೆ. ನೀನು ಎಣಿಸುವುದು ಬದಲಾದರೆ ಶಾಲೆಗಳು ಮಾಡುವುದೂ ಬದಲಾಗುತ್ತದೆ.